ಹದಿಮೂರನೆಯ ಮರಿ

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ, ಏಳುಗಲ್ಲು ಅಂತ ಒಂದು ರಾಜ್ಯ ಇತ್ತು. ಆ ರಾಜ್ಯದ ಜನ ರಾತ್ರಿಗೆ ಹೆದರುತ್ತಿರಲಿಲ್ಲ. ಅವರು ಹೆದರುತ್ತಿದ್ದದ್ದು ನಡುಹಗಲಿಗೆ. ಸೂರ್ಯ ನೆತ್ತಿಗೆ ಬಂದು ನೆರಳೆಲ್ಲ ಕಾಲಡಿಗೆ ಸೇರುವ ಹೊತ್ತಿಗೆ ಬಾಗಿಲು ಹಾಕಿ, ಅಗುಳಿ ಜಡಿದು, ಮಕ್ಕಳ ಬಾಯಿಗೆ ಕೈ ಅಡ್ಡ ಹಿಡಿದು ಕೂರುತ್ತಿದ್ದರು. ರಾಜನೂ ಅಷ್ಟೇ, ಕಿರೀಟ ತೆಗೆದಿಟ್ಟು ಮಂಚದ ಕೆಳಗೆ ತೂರಿಕೊಳ್ಳುತ್ತಿದ್ದ.

ಯಾಕೆಂದರೆ ನಡುಹಗಲಲ್ಲಿ ಬೂದಿಗಣ್ಣ ಬರುತ್ತಿದ್ದ.

ಬೂದಿಗಣ್ಣ ಮಾಯಗಾರ. ಅವನಿಗೆ ನೆರಳಿಲ್ಲ. ಬೇರೆ ಹೊತ್ತಿನಲ್ಲಿ ಬಂದರೆ ಜನ ಗುರುತು ಹಿಡಿದುಬಿಡುತ್ತಾರೆ. ನಡುಹಗಲಲ್ಲಿ ಯಾರಿಗೂ ನೆರಳು ಕಾಣುವುದಿಲ್ಲವಲ್ಲ, ಅದಕ್ಕೇ ಆ ಹೊತ್ತು. ಅವನಿಗೆ ಇದ್ದದ್ದು ಒಂದೇ ಚಪಲ, ಮನುಷ್ಯರ ಮಾಂಸ. ಆದರೆ ಮನುಷ್ಯನನ್ನು ತಿಂದರೆ ವಿದ್ಯೆ ಕೆಡುತ್ತದೆ ಅಂತ ಅವನ ಗುರು ಕಟ್ಟು ಹಾಕಿದ್ದ. ಆ ಖದೀಮ ಏನು ಮಾಡಿದ? ಮನುಷ್ಯರನ್ನು ಮೊದಲು ಹಂದಿ ಮಾಡುತ್ತಿದ್ದ, ಆಮೇಲೆ ತಿನ್ನುತ್ತಿದ್ದ. ಹಂದಿ ತಿಂದರೆ ಯಾವ ದೋಷ?

ಊರಾಚೆ ತೊರೆಯ ದಂಡೆಯಲ್ಲಿ ಓಬ ಅಂತ ಒಬ್ಬನಿದ್ದ. ಅವನ ಹೆಂಡತಿ ತಿಪ್ಪಿ. ಅಂಗೈಯಗಲ ಕೆಸುವಿನ ಗದ್ದೆ, ಕಲ್ಲು ಪೇರಿಸಿದ ಒಂದು ಹಂದಿಗೂಡು, ಅದರಲ್ಲಿ ಡೊಳ್ಳಿ ಅನ್ನುವ ಹೆಣ್ಣುಹಂದಿ. ಅವರ ಆಸ್ತಿ ಇಷ್ಟೇ. ಡೊಳ್ಳಿ ಹನ್ನೆರಡು ಮರಿ ಹಾಕಿ ಹದಿನೈದು ದಿನ ಆಗಿತ್ತು. ಹನ್ನೆರಡೂ ಕಾಡಿಗೆ ಕಪ್ಪು. ನಾನೂ ಐವತ್ತು ವರ್ಷ ಹಂದಿ ಸಾಕಿದವನು. ನನ್ನ ಗಂಡುಹಂದಿಯ ಮೇಲೆ ಕೂತು ತುಂಬಿದ ಹೊಳೆ ದಾಟಿದ್ದೇನೆ, ನೋಡಿದವರನ್ನು ಕೇಳಿ ಅನ್ನುತ್ತಿದ್ದೆ, ಪಾಪ ಎಲ್ಲರೂ ಸತ್ತರು. ಅಂಥ ನನ್ನ ಹತ್ತಿರವೂ ಡೊಳ್ಳಿಯಂಥ ಹಂದಿ ಇರಲಿಲ್ಲ.

ಒಂದು ದಿನ ಓಬ ಗೆಡ್ಡೆ ಅಗೆಯಲು ಕಾಡಿಗೆ ಹೋಗಿದ್ದ. ಸೂರ್ಯ ನೆತ್ತಿಗೇರಿದ. ತಿಪ್ಪಿ ಬಾಗಿಲು ಹಾಕಿಕೊಂಡು ಕೂತಿದ್ದಳು. ಹೊರಗೆ ಯಾರೋ ಕೆಮ್ಮಿದರು.

"ತಾಯಿ, ಕಲಗಚ್ಚು ತಂದಿದ್ದೀನಿ. ಹಂದಿಗೆ ಹುಯ್ಕೊಳ್ತೀಯಾ?"

ಹಂದಿ ಸಾಕುವವರು ಮನೆ ಬಾಗಿಲಿಗೆ ಬಂದ ಕಲಗಚ್ಚನ್ನು ಬೇಡ ಅನ್ನಬಾರದು. ಒಂದು ಸಲ ಬೇಡ ಅಂದರೆ ಹಂದಿಯ ಹಾಲು ಬತ್ತುತ್ತದೆ ಅಂತ ನಂಬಿಕೆ. ತಿಪ್ಪಿ ಬಾಗಿಲನ್ನು ಒಂದು ಗೇಣು ತೆಗೆದಳು. ಗಡಿಗೆ ಹೊತ್ತ ಮುದುಕ ನಗುತ್ತಾ ನಿಂತಿದ್ದ.

"ಯಾರ ಮನೇದು ತಾತ?"

"ಮದುವೆ ಮನೇದು ಕಣವ್ವ. ಅನ್ನ, ಪಾಯಸ, ಹೋಳಿಗೆ ಚೂರು. ನಿನ್ನ ಹಂದಿ ಪುಣ್ಯ ಮಾಡಿತ್ತು."

"ಮೆಣಸಿನಕಾಯಿ ಬಿದ್ದಿದೆಯೋ ಏನೋ. ಬಾಣಂತಿ ಹಂದಿಗೆ ಖಾರ ಆಗಲ್ಲ."

"ನೀನೇ ನೋಡ್ಕೊಳವ್ವ. ನಂಗೇನು ಗೊತ್ತಾಗ್ತದೆ?"

ಹಂದಿಯವರು ಕಲಗಚ್ಚನ್ನು ಕಣ್ಣಿನಲ್ಲಿ ನೋಡುವುದಿಲ್ಲ. ಮೊಣಕೈವರೆಗೆ ಕೈ ಇಳಿಸಿ ಮುಳ್ಳು, ಮೂಳೆ ಇದೆಯೇ ಅಂತ ತಡಕುತ್ತಾರೆ. ಆಮೇಲೆ ಬೆರಳ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಹುಳಿ, ಖಾರ ನೋಡುತ್ತಾರೆ. ತಿಪ್ಪಿ ಕೈ ಇಳಿಸಿದಳು. ಮುಳ್ಳಿರಲಿಲ್ಲ. ಮೂಳೆಯೂ ಇರಲಿಲ್ಲ. ಬೆರಳನ್ನು ನಾಲಿಗೆಗೆ ಮುಟ್ಟಿಸಿದಳು.

"ಸಿಹಿಯಾಗಿದೆ ತಾತ," ಅಂದಳು.

ಇನ್ನೊಂದು ಮಾತಾಡಲು ಬಾಯಿ ತೆಗೆದಳು, ಮಾತು ಬರಲಿಲ್ಲ. ಕೈಬಳೆಗಳು ಗೊರಸಿನಿಂದ ಜಾರಿ ನೆಲಕ್ಕೆ ಬಿದ್ದವು.

ಓಬ ಬಂದು ನೋಡಿದರೆ ಬಾಗಿಲು ತೆರೆದಿತ್ತು, ಬಳೆ ಬಿದ್ದಿದ್ದವು, ಗೂಡಿನಲ್ಲಿ ಒಂದು ಮರಿಯೂ ಇರಲಿಲ್ಲ. ಡೊಳ್ಳಿಯೊಂದೇ ಉಳಿದು, ಗೋಡೆಗೆ ತಲೆ ಗುದ್ದಿಕೊಂಡು ಅರಚುತ್ತಿತ್ತು. ಪಕ್ಕದ ಗುಡಿಸಲಿನ ಕಾಳಜ್ಜಿ ಬಾಗಿಲು ತೆಗೆಯದೆ ಸಂದಿಯಿಂದಲೇ ಹೇಳಿದಳು: "ಬೂದಿಗಣ್ಣ ಬಂದಿದ್ದ ಕಣೋ. ನಿನ್ನ ಹೆಂಡ್ತೀನ ಹಂದಿಮರಿ ಮಾಡಿ, ಇದ್ದ ಮರೀನೆಲ್ಲ ಸೇರಿಸಿ ಗೋಣಿಚೀಲಕ್ಕೆ ತುಂಬ್ಕೊಂಡು ಬೋಳುಗುಡ್ಡಕ್ಕೆ ಹೋದ. ನಾಳೆ ನಡುಹಗಲಿಗೆ ಅವನ ಊಟ. ಹೋದೋಳು ಹೋದ್ಲು, ನೀನು ಬಾಗ್ಲು ಹಾಕ್ಕೊ."

"ಬಾಗ್ಲು ಹಾಕ್ಕೊಂಡು ಒಳಗೆ ಯಾರ ಮುಖ ನೋಡ್ಲಿ ಅಜ್ಜಿ?" ಅಂದ ಓಬ.

ಒಂದು ಬಿದಿರಿನ ಕುಕ್ಕೆ ಬೆನ್ನಿಗೆ ಕಟ್ಟಿಕೊಂಡ. ಡೊಳ್ಳಿಯ ಹಿಂಗಾಲಿಗೆ ಹಗ್ಗ ಬಿಗಿದು, ಅದನ್ನು ಮುಂದೆ ಬಿಟ್ಟುಕೊಂಡು ಹೊರಟ. ಹಂದಿಯ ಕುತ್ತಿಗೆಗೆ ಹಗ್ಗ ಕಟ್ಟುವವನು ಹಂದಿ ಕಾಣದವನು. ಅದಕ್ಕೆ ಕುತ್ತಿಗೆಯೇ ಇಲ್ಲ.

ಬೆಳಗಾಗುವ ಹೊತ್ತಿಗೆ ಬೋಳುಗುಡ್ಡದ ಬುಡ ಸಿಕ್ಕಿತು. ದಾರಿ ಒಬ್ಬನೇ ನಡೆಯುವಷ್ಟು ಕಿರಿದು, ಒಂದು ಕಡೆ ಬಂಡೆ, ಒಂದು ಕಡೆ ಪ್ರಪಾತ. ದಾರಿಗೆ ಅಡ್ಡ ಒಂದು ಕಾಡುಹಂದಿ ನಿಂತಿತ್ತು. ಮನೆಯಷ್ಟು ಎತ್ತರ, ಮೈಯೆಲ್ಲ ಕಬ್ಬಿಣದ ಕೂದಲು, ಕೋರೆಗೆ ಯಾರದೋ ಪೇಟ ಸಿಕ್ಕಿಕೊಂಡು ಒಣಗಿತ್ತು. ಅದು ಉಸಿರು ಬಿಟ್ಟರೆ ಹುಲ್ಲು ಸುಡುತ್ತಿತ್ತು. ಓಬನ ಮೊಣಕಾಲು ನಡುಗಿತು. ನಡುಗುವ ಮೊಣಕಾಲಿನಲ್ಲೇ ಹೆಜ್ಜೆ ಇಟ್ಟ.

ಹಂದಿ ಎಷ್ಟು ದೊಡ್ಡದಾದರೂ ಹಂದಿಯೇ. ತಲೆಯ ಮೇಲೆ ಏನಾದರೂ ಕವುಚಿದರೆ ಅದು ಮುಂದೆ ನುಗ್ಗುವುದಿಲ್ಲ, ಬಿಡಿಸಿಕೊಳ್ಳಲು ಹಿಂದಕ್ಕೆ ಹೋಗುತ್ತದೆ. ಓಬ ಬಂಡೆ ಹತ್ತಿ ಕುಕ್ಕೆಯನ್ನು ಅದರ ಮೂತಿಗೆ ಕವುಚಿದ. ಅದು ಒಂದು ಹೆಜ್ಜೆ ಹಿಂದಿಟ್ಟಿತು. ಎರಡು ಹೆಜ್ಜೆ ಹಿಂದಿಟ್ಟಿತು. ಮೂರನೆಯ ಹೆಜ್ಜೆಗೆ ದಾರಿ ತಿರುಗಿತ್ತು, ನೆಲ ಇರಲಿಲ್ಲ. ಅದು ಪ್ರಪಾತದ ತಳಕ್ಕೆ ಬಿದ್ದ ಸದ್ದು ಕೇಳಿಸಲು ಒಂದು ಎಲೆ ಅಡಿಕೆ ಹಾಕುವಷ್ಟು ಹೊತ್ತು ಹಿಡಿಯಿತು.

ಮುಂದೆ ಕಲ್ಲುಗಳ ಬಯಲು. ಒಂದೊಂದು ಕಲ್ಲೂ ಆಳೆತ್ತರ, ಒಂದೊಂದಕ್ಕೂ ಬಾಯಿ. ಹೆಂಡತಿಯನ್ನು, ಮಗನನ್ನು, ಅಪ್ಪನನ್ನು ಹುಡುಕಿ ಬಂದವರೆಲ್ಲ ಅಲ್ಲಿ ಕಲ್ಲಾಗಿದ್ದರು. ಕರೆದದ್ದಕ್ಕೆ ಓಗೊಟ್ಟವರು ಕಲ್ಲಾಗುವ ಜಾಗ ಅದು. ಓಬನ ಮೊಣಕಾಲು ನಡುಗಿತು. ನಡುಗುವ ಮೊಣಕಾಲಿನಲ್ಲೇ ಹೆಜ್ಜೆ ಇಟ್ಟ.

"ಓಬಾ! ಓಬಾ!" ಅಂತ ಎಡಗಡೆಯ ಕಲ್ಲು ತಿಪ್ಪಿಯ ದನಿಯಲ್ಲಿ ಕೂಗಿತು. ಓಬ ತಿರುಗಲಿಲ್ಲ. ತಿಪ್ಪಿ ಗಂಡನ ಹೆಸರು ಹಿಡಿದು ಕರೆದವಳೇ ಅಲ್ಲ. ಆಮೇಲೆ ಬಲಗಡೆಯಿಂದ, ಕಿವಿಯ ಹತ್ತಿರವೇ, ಮೆಲ್ಲಗೆ ಬಂತು: "ಯೋ... ಇವ್ನೇ... ಕೇಳಿಸ್ತಿಲ್ವಾ? ನೀರು ಕುದೀತಾ ಇದೆ ಕಣಯ್ಯ. ಕಾಲು ಕಟ್ಟವ್ನೆ. ಒಂದ್ಸಲ ಓ ಅನ್ನು, ಸಾಕು."

ಓಬನ ಗಂಟಲಿಗೆ 'ಓ' ಬಂದುಬಿಟ್ಟಿತ್ತು. ಅವನ ಪಾದ ಆಗಲೇ ತಣ್ಣಗಾಗಿ ಕಲ್ಲಿನ ಬಣ್ಣಕ್ಕೆ ತಿರುಗುತ್ತಿತ್ತು. ಅಷ್ಟರಲ್ಲಿ ಡೊಳ್ಳಿ ಹಗ್ಗವನ್ನು ಜಗ್ಗಿತು. ಅದಕ್ಕೆ ಯಾರ ದನಿಯೂ ಬೇಕಿರಲಿಲ್ಲ, ಮರಿಗಳ ವಾಸನೆ ಸಿಕ್ಕಿತ್ತು. ಓಬ ಹಗ್ಗದ ತುದಿಯನ್ನು ಬಾಯಿಗೆ ತುರುಕಿ ಹಲ್ಲು ಕಚ್ಚಿದ. ತುಟಿಯಿಂದ ರಕ್ತ ಇಳಿಯಿತು, ಮಾತು ಇಳಿಯಲಿಲ್ಲ. ಡೊಳ್ಳಿ ಎಳೆಯಿತು, ಅವನು ಹೋದ.

ಗುಡ್ಡದ ತುದಿಯಲ್ಲಿ ಕಡಾಯಿ ಕುದಿಯುತ್ತಿತ್ತು. ಪಕ್ಕದಲ್ಲಿ ಅದೇ ಕಲಗಚ್ಚಿನ ಗಡಿಗೆ. ಸುತ್ತ ಗೂಡುಗಳಲ್ಲಿ ಹಂದಿಗಳು ಮನುಷ್ಯರ ಕಣ್ಣಿನಿಂದ ನೋಡುತ್ತಿದ್ದವು. ಬೂದಿಗಣ್ಣ ಕಲ್ಲಿನ ಮೇಲೆ ಕೂತು ಕತ್ತಿ ಮಸೆಯುತ್ತಿದ್ದ. ಸರ್, ಸರ್, ಸರ್.

"ಬಾರಪ್ಪ ಅಳಿಯ, ಊಟದ ಹೊತ್ತಿಗೇ ಬಂದೆ," ಅಂದ. "ತುದಿ ಮುಟ್ಟಿದೋನಿಗೆ ಒಂದು ಅವಕಾಶ ಕೊಡು ಅಂತ ನನ್ನ ಗುರು ಇನ್ನೊಂದು ಕಟ್ಟು ಹಾಕಿ ಸತ್ತ. ಅಗೋ ಹದಿಮೂರು ಮರಿ. ನಿನ್ನ ನೆರಳು ಕಾಲಡಿ ಸೇರೋದ್ರೊಳಗೆ ಹೆಂಡ್ತಿ ಯಾವ್ದು ತೋರ್ಸು. ಸರಿಯಾದ್ರೆ ಕರ್ಕೊಂಡು ಹೋಗು. ತಪ್ಪಾದ್ರೆ ಕಡಾಯಿ ದೊಡ್ಡದಿದೆ, ಇಬ್ರಿಗೂ ಜಾಗ ಆಗ್ತದೆ."

ಹದಿಮೂರೂ ಒಂದೇ ಕಪ್ಪು, ಒಂದೇ ಮೂತಿ, ಒಂದೇ ಬಾಲ. ಹಂದಿಯಾದ ಮೇಲೆ ಮನುಷ್ಯರ ನೆನಪು ಒಂದು ದಿನದಲ್ಲಿ ಅಳಿಯುತ್ತದೆ, ಕೂಗಿದರೂ ಬರುವುದಿಲ್ಲ. ಓಬನ ನೆರಳು ನಾಲ್ಕು ಬೆರಳು ಉಳಿದಿತ್ತು. ಮೊಣಕಾಲು ನಡುಗಿತು. ನಡುಗುವ ಮೊಣಕಾಲಿನಲ್ಲೇ ಹೆಜ್ಜೆ ಇಟ್ಟು, ಡೊಳ್ಳಿಯನ್ನು ಗೂಡಿನೊಳಗೆ ಬಿಟ್ಟ.

ಡೊಳ್ಳಿ ಒಂದು ಮಗ್ಗುಲಿಗೆ ಉರುಳಿ 'ಹೂಂ, ಹೂಂ' ಅಂತ ಹಾಲಿಗೆ ಕರೆಯಿತು. ಹಂದಿಮರಿಗಳು ಹುಟ್ಟಿದ ಎರಡು ಮೂರು ದಿನ ಕಚ್ಚಾಡಿ ಒಂದೊಂದು ಮೊಲೆಯನ್ನು ತಮ್ಮದು ಮಾಡಿಕೊಳ್ಳುತ್ತವೆ. ಆಮೇಲೆ ಎಷ್ಟು ಹಸಿದರೂ ತಮ್ಮದಕ್ಕೇ ಹೋಗುತ್ತವೆ. ಜಮೀನಿಗೆ ಹೊಡೆದಾಡುವ ಅಣ್ಣತಮ್ಮಂದಿರು ಹೋಗಿ ನೋಡಬೇಕು. ಕರಿ ಮರಿಗಳು ಓಡಿ ಬಂದವು, ತಮ್ಮ ತಮ್ಮ ಜಾಗ ಹಿಡಿದವು. ಹನ್ನೊಂದು ಮರಿ ಕಣ್ಣು ಮುಚ್ಚಿ ಚೀಪತೊಡಗಿದವು.

ಹೊರಗೆ ಉಳಿದದ್ದು ಎರಡು.

ಓಬನಿಗೆ ಆಗ ನೆನಪಾಯಿತು. ಡೊಳ್ಳಿಗೆ ಒಂದು ಮೊಲೆ ಬತ್ತಿದೆ, ಹಾಲು ಬರುವುದು ಹನ್ನೊಂದರಲ್ಲೇ. ಹನ್ನೆರಡನೆಯ ಕುಳ್ಳಮರಿಗೆ ಜಾಗವೇ ಸಿಕ್ಕಿರಲಿಲ್ಲ. ಅದನ್ನು ತಿಪ್ಪಿಯೇ ಸೆರಗಿನಲ್ಲಿಟ್ಟುಕೊಂಡು, ಬಟ್ಟೆಯ ಬತ್ತಿಯನ್ನು ಕೇಳಿ ತಂದ ಮೇಕೆ ಹಾಲಿಗೆ ಅದ್ದಿ ಚೀಪಿಸಿ ಬದುಕಿಸಿದ್ದಳು. ಈಗ ಉಳಿದ ಎರಡರಲ್ಲಿ ಒಂದು ಅದು, ಒಂದು ತಿಪ್ಪಿ.

ಬೂದಿಗಣ್ಣ ಕತ್ತಿ ಹಿಡಿದು ಎದ್ದ. "ನೆರಳು ಒಂದು ಬೆರಳು ಉಳಿದದೆ ಅಳಿಯ."

ಎರಡರಲ್ಲಿ ಒಂದು ಮರಿ ಓಡಿಬಂದು ಓಬನ ಪಾದ ನೆಕ್ಕಿ ಕುಂಯ್ಗುಟ್ಟಿತು. ಇನ್ನೊಂದು ಮೂಲೆಯಲ್ಲಿ ಗೋಡೆಗೆ ಅಂಟಿಕೊಂಡು ನಡುಗುತ್ತಿತ್ತು. ಓಬನ ಕಣ್ಣು ತುಂಬಿತು. ಪಾದದ ಹತ್ತಿರ ಇದ್ದದ್ದನ್ನು ಎತ್ತಿಕೊಳ್ಳಲು ಬಗ್ಗಿದ. 'ಇವಳೇ' ಅನ್ನಲು ಬಾಯಿ ತೆರೆದ.

ಅಷ್ಟರಲ್ಲಿ ಆ ಮರಿ ಅವನ ಕೈಯನ್ನು ಮೂಸಿ, ಹಾಲಿಲ್ಲ ಅಂತ ತಿಳಿದು, ತಿರುಗಿ ಮೂಲೆಗೆ ಓಡಿತು. ನಡುಗುತ್ತಿದ್ದ ಮರಿಯ ಹೊಟ್ಟೆಯಡಿಗೆ ಮೂತಿ ತೂರಿಸಿ, ಅಮ್ಮನನ್ನು ಗುದ್ದುವ ಹಾಗೆ ಗುದ್ದಿತು. ಮಾಯೆ ರೂಪ ಬದಲಿಸಬಹುದು, ಸಾಕಿದವಳ ವಾಸನೆ ಬದಲಿಸಲು ಅದಕ್ಕೆ ಆಗದು.

"ಮೂಲೇಲಿ ನಡುಗ್ತಿರೋಳು! ಅವಳೇ ನನ್ನ ತಿಪ್ಪಿ!" ಅಂತ ಓಬ ಕಿರುಚಿದ.

ಮರಿಯ ಚರ್ಮ ಹಲಸಿನಹಣ್ಣಿನ ಹಾಗೆ ಬಿರಿಯಿತು. ಒಳಗಿನಿಂದ ತಿಪ್ಪಿ ಎದ್ದು ನಿಂತಳು, ಮೊಣಕೈವರೆಗೆ ಇನ್ನೂ ಕಲಗಚ್ಚು ಮೆತ್ತಿತ್ತು.

"ಗುರು ಸತ್ತು ನೂರು ವರ್ಷ ಆಯ್ತು, ಕಟ್ಟಂತೆ ಕಟ್ಟು!" ಅಂತ ಬೂದಿಗಣ್ಣ ಕತ್ತಿ ಎತ್ತಿಕೊಂಡು ಗೂಡಿಗೆ ಹಾರಿದ. ಮರಿಗಳಿರುವ ಗೂಡಿಗೆ ಯಮನೂ ಕೇಳಿ ಬರಬೇಕು. ಡೊಳ್ಳಿ ಎದ್ದದ್ದೇ ಅವನ ಮೀನಖಂಡಕ್ಕೆ ಬಾಯಿ ಹಾಕಿತು. "ಅಯ್ಯೋ!" ಅಂತ ಅವನು ಬಾಯಿ ಅಗಲಿಸಿದ. ತಿಪ್ಪಿ ಓಡಿಹೋಗಿ ಗಡಿಗೆ ಎತ್ತಿ, ಇದ್ದ ಕಲಗಚ್ಚನ್ನೆಲ್ಲ ಆ ಬಾಯಿಗೇ ಸುರಿದಳು.

"ಕುಡಿ ತಾತ, ಮದುವೆ ಮನೇದು!"

ಕತ್ತಿ ನೆಲಕ್ಕೆ ಬಿತ್ತು. ಅದರ ಪಕ್ಕದಲ್ಲಿ ಒಂದು ಬೂದುಬಣ್ಣದ ಹಂದಿ ನಿಂತಿತ್ತು.

ಗೂಡುಗಳಲ್ಲಿದ್ದವರೆಲ್ಲ ಮನುಷ್ಯರಾಗಿ ಎದ್ದರು. ಬಯಲಿನ ಕಲ್ಲುಗಳು ಕಣ್ಣುಜ್ಜಿಕೊಂಡು ನಡೆದು ಬಂದವು. ಕಡಾಯಿಗೆ ಹೋದವರು ಮಾತ್ರ ಬರಲಿಲ್ಲ. ಅವರಿಗಾಗಿ ಊರೇ ಮೂರು ದಿನ ಅತ್ತಿತು. ನಾಲ್ಕನೆಯ ದಿನ ರಾಜ ಮಂಚದ ಕೆಳಗಿನಿಂದ ಬಂದು ತೊರೆಯ ದಂಡೆಯನ್ನೆಲ್ಲ ಓಬನ ಹೆಸರಿಗೆ ಬಿಟ್ಟುಕೊಟ್ಟ.

ತಿಪ್ಪಿ ಮಾತ್ರ ಗಂಡನನ್ನು ಸುಮ್ಮನೆ ಬಿಡಲಿಲ್ಲ. "ಹನ್ನೆರಡು ಮರೀನೂ ಗೊತ್ತು ನಿಂಗೆ. ಕಟ್ಕೊಂಡ ಹೆಂಡ್ತಿ ಗೊತ್ತಾಗೋಕೆ ಹಂದಿ ಬಂದು ಹೇಳ್ಬೇಕಾಯ್ತಾ?" ಅಂತ ಸಾಯುವವರೆಗೂ ಹಂಗಿಸಿದಳು. ಓಬ ಸಾಯುವವರೆಗೂ ನಕ್ಕ. ಹೀಗೆ ಅವರು ತುಂಬಿದ ಗೂಡು, ತುಂಬಿದ ಮಡಕೆಯಲ್ಲಿ ಬಾಳಿದರು. ಏಳುಗಲ್ಲಿನ ಜನ ನಡುಹಗಲಲ್ಲಿ ಬಾಗಿಲು ತೆರೆದಿಟ್ಟುಕೊಂಡು ಗೊರಕೆ ಹೊಡೆದರು.

ಆ ಬೂದು ಹಂದಿಯನ್ನು ಯಾರೂ ಕೊಯ್ಯಲಿಲ್ಲ. ಓಬನೇ ಒಂದು ಗೂಡು ಕಟ್ಟಿ ಹೊಟ್ಟೆ ತುಂಬ ಹಾಕಿ ಸಾಕಿದ. ಆದರೆ ಉಳಿದೆಲ್ಲ ಮರೆತಿದ್ದರೂ, ಊರಿನಲ್ಲಿ ಎಲ್ಲಿಯಾದರೂ ಯಾರಾದರೂ ಕುಡುಗೋಲು ಮಸೆದರೆ ಸಾಕು, ಅದು ಮೂಲೆಗೆ ಸೇರಿ ಗೋಡೆಗೆ ಅಂಟಿಕೊಂಡು ನಡುಗುತ್ತಿತ್ತು. ತಿಪ್ಪಿ ಹೋಗಿ, "ಹೆದರ್ಬೇಡ ತಾತ, ಹುಲ್ಲು ಕೊಯ್ಯೋಕೆ," ಅಂತ ದಿನಾ ಹೇಳುತ್ತಿದ್ದಳು.

ಅದು ಒಂದು ದಿನವೂ ನಂಬಲಿಲ್ಲ.