ಏನನ್ನು ಬಿಡ್ತೀರಿ, ಧೃತಿ?

ಆ ಬೆಳಿಗ್ಗೆ ಚಾಮರಾಜಪೇಟೆಯಲ್ಲಿ ದಟ್ಟ ಮಂಜು. ಧನುರ್ಮಾಸದ ಚಳಿ. ದೇವಸ್ಥಾನದ ಗಂಟೆ ಕೇಳಿಸುತ್ತಿತ್ತೇ ಹೊರತು ಗೋಪುರ ಕಾಣುತ್ತಿರಲಿಲ್ಲ.

ಎದುರಿನ ಮಹಡಿಯ ಪುಟ್ಟ ಆಫೀಸಿನಲ್ಲಿ ಧೃತಿ ಕೇಬಲ್ಲಿನಿಂದ ಜೋಡಿಸಿದ್ದ ಎರಡು ಕಂಪ್ಯೂಟರುಗಳ ಮುಂದೆ ನಿಂತಿದ್ದಳು. ಬಸವನಗುಡಿಯ ಆಸ್ಪತ್ರೆಯೊಂದಕ್ಕೆ ಅವಳು ಬರೆದ ಸಾಫ್ಟ್‌ವೇರಿಗೆ ಅಂದು ಪರೀಕ್ಷೆ. ಆಸ್ಪತ್ರೆಗೆ ರಸ್ತೆಯ ಆಚೆಗೊಂದು, ಈಚೆಗೊಂದು ಕಟ್ಟಡ. ಆಚೆ ಮಲಗಿದ ರೋಗಿಯ ನಾಡಿ ತಪ್ಪಿದರೆ ಈಚೆ ಡಾಕ್ಟರ ಮೇಜಿನ ಮೇಲೆ ಆ ಕ್ಷಣವೇ ಗಂಟೆ ಬಾರಿಸಬೇಕು. ಎಲ್ಲವೂ ಸರಾಗವಾಗಿ ನಡೆದಿತ್ತು...

ಅಷ್ಟರಲ್ಲಿ, ಹೊಸದಾಗಿ ಸೇರಿದ್ದ ಮಧುಸೂದನ್ ಬಗ್ಗಿ ಕೇಬಲ್ ಕಿತ್ತುಬಿಟ್ಟ!

ಪರದೆಗಳ ಮೇಲಿನ ಚಿತ್ರ ಕಲ್ಲಿನಂತೆ ನಿಂತುಬಿಟ್ಟಿತು. ನೋಡಲು ಬಂದಿದ್ದ ಆಸ್ಪತ್ರೆಯವರು ಮುಖ ಮುಖ ನೋಡಿಕೊಂಡರು.

"ಏನ್ರೀ ಇದು! ಬುದ್ಧಿ ಇದೆಯೇನ್ರೀ ನಿಮಗೆ?" ಧೃತಿ ಸಿಡಿದಳು.

"ರಸ್ತೆ ಅಗೆಯೋರು ನಿಮ್ಮನ್ನ ಕೇಳಿ ಅಗೀತಾರಾ? ನೆಲದಡಿಯ ಕೇಬಲ್ ಹೋದ್ರೆ ಉಳಿಯೋದು ಕಂಬದ ಮೇಲಿನ ಟೆಲಿಫೋನ್ ತಂತಿ. ಆ ಕಿರಿದಾರೀಲಿ ಎಲ್ಲಾ ಹಿಡಿಸಲ್ಲ. ಏನನ್ನ ಬಿಡ್ತೀರಿ, ಧೃತಿ?"

"ಏನನ್ನೂ ಬಿಡಲ್ಲ!"

ಅವಳ ಕಣ್ಣು ತುಂಬಿತು. ಸ್ವಲ್ಪ ಹೊತ್ತಿಗೆ ಮಧುಸೂದನ್ ಅವಳ ಮೇಜಿನ ಮೇಲೆ ಸ್ಟೀಲಿನ ಡಬ್ಬಿಯೊಂದನ್ನು ತಂದಿಟ್ಟ.

"ದೇವಸ್ಥಾನದ ಹುಗ್ಗಿ. ತಿಂದು ಆಮೇಲೆ ಬೈಯಿರಿ. ಡಬ್ಬಿ ಮಾತ್ರ ವಾಪಸ್ ಬೇಕು, ನಮ್ಮಮ್ಮಂದು."

ಕೊಡಲ್ಲ, ಏನ್ಮಾಡ್ಕೋತಾನೋ ನೋಡೋಣ! ಎಂದುಕೊಂಡಳು.

ಸಂಜೆ ಕಂಪನಿಯ ಯಜಮಾನರಾದ ಚಕ್ರಪಾಣಿ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದುದು ಕಿವಿಗೆ ಬಿತ್ತು. "ಸಾಫ್ಟ್‌ವೇರನ್ನ ಆಸ್ಪತ್ರೇಲಿ ಈಗಲೇ ಹಾಕೋದು ಬೇಡ ಅಂತ ಮಧು ಹೇಳ್ತಿದಾನೆ."

ಓಹೋ! ನನ್ನ ಕೆಲಸಕ್ಕೇ ಕಲ್ಲು ಹಾಕಿದ... ಅಂದಿನಿಂದ ಅವಳು ಅವನೊಡನೆ ಮಾತು ಬಿಟ್ಟಳು.

ಒಂದು ಸಂಜೆ ಅವಳ ಮನೆಯಲ್ಲಿ ದೀಪದ ಎಣ್ಣೆ ತಳ ಕಂಡಿತ್ತು. ಅಮ್ಮ ಹೊಸ್ತಿಲ ದೀಪ ಬಿಟ್ಟರು, ಜಗುಲಿಯ ದೀಪ ಬಿಟ್ಟರು. ಇದ್ದಷ್ಟನ್ನೂ ದೇವರ ಮುಂದಿನ ಹಣತೆಗೆ ಸುರಿದು ಕೈಮುಗಿದರು. ಧೃತಿ ಆ ಜ್ವಾಲೆಯನ್ನೇ ನೋಡುತ್ತ ಕುಳಿತಳು.

ಮರುದಿನದಿಂದ ಮತ್ತೆ ಬರೆದಳು. ದಾರಿ ಎಷ್ಟು ಅಗಲವಿದೆಯೆಂದು ಸಾಫ್ಟ್‌ವೇರ್ ತಾನೇ ಅಳೆಯಲಿ. ಕಿರಿದಾದರೆ ಪರದೆಯ ಬಣ್ಣಗಳನ್ನು ಬಿಡಲಿ, ನಾಡಿಯ ಗೆರೆಚಿತ್ರವನ್ನೂ ಬಿಡಲಿ. ಗಂಟೆ ಮಾತ್ರ ತಡವಾಗಬಾರದು!

ಹೊಸದನ್ನು ಆಸ್ಪತ್ರೆಯಲ್ಲಿ ಹಾಕಿದ ವಾರದಲ್ಲೇ, ಸಂಕ್ರಾಂತಿಯ ಹಿಂದಿನ ದಿನ, ರಸ್ತೆ ಅಗೆಯುವವರ ಗುದ್ದಲಿ ಕೇಬಲ್ಲಿಗೆ ಬಿತ್ತು. ಧೃತಿ ಆಟೋ ಹಿಡಿದು ಓಡಿದಳು. ದೇವರೇ, ಯಾರಿಗೂ ಏನೂ ಆಗದಿರಲಿ...

"ಗೆರೆಯೆಲ್ಲಾ ಮಾಯ ಆಯ್ತು ಮೇಡಂ," ಎಂದಳು ನರ್ಸ್, "ಆದ್ರೆ ಅಜ್ಜಿ ನಾಡಿ ತಪ್ಪಿದ ಕೂಡ್ಲೇ ಗಂಟೆ ಹೊಡೀತು! ಡಾಕ್ಟ್ರು ಓಡಿ ಬಂದ್ರು. ಅಜ್ಜಿ ಉಳಿದ್ರು."

ಹಾಸಿಗೆಯ ಮೇಲೆ ಆ ಅಜ್ಜಿ, ಸೊಪ್ಪು ಮಾರುವ ನಾರಾಯಣಮ್ಮ, ಗೊಣಗುತ್ತಿದ್ದಳು. "ನನ್ ಬುಟ್ಟಿ ಯಾರ್ ನೋಡ್ಕೊಂತಾವ್ರೋ ಏನೋ!"

ಧೃತಿ ಅಳುತ್ತಲೇ ನಕ್ಕುಬಿಟ್ಟಳು.

ಹಿಂದೆಯೇ ಬಂದಿದ್ದ ಚಕ್ರಪಾಣಿ ಮೆಲ್ಲಗೆ ಹೇಳಿದರು. "ಆವತ್ತು ಈ ಆಸ್ಪತ್ರೆಯವರು ಕೆಲಸಾನ ಬೇರೆ ಕಂಪನಿಗೆ ಕೊಡ್ತೀವಿ ಅಂದಿದ್ರಮ್ಮ. ಮಧುನೇ ಇಲ್ಲಿಗೆ ಬಂದು ಕೂತ. ಈಗಲೇ ಹಾಕೋದು ಬೇಡ, ಸ್ವಲ್ಪ ಸಮಯ ಕೊಡಿ, ಧೃತಿ ಕೈಲಿ ಮಾತ್ರ ಇದು ಆಗೋದು ಅಂತ ಕೇಳ್ಕೊಂಡ."

ಅಯ್ಯೋ... ನಾನೆಂಥ ಹುಚ್ಚಿ!

ಸಂಕ್ರಾಂತಿಯ ಬೆಳಿಗ್ಗೆ ಮಂಜು ಕರಗಿತ್ತು. ದೇವಸ್ಥಾನದ ಮೆಟ್ಟಿಲ ಮೇಲೆ ಮಧುಸೂದನ್ ಕುಳಿತಿದ್ದ. ಧೃತಿ ಅವನೆದುರು ಬಂದು ನಿಂತಳು.

"ಯಾಕೆ ಹೇಳ್ಲಿಲ್ಲ ನನಗೆ?"

"ಮಾತೇ ಬಿಟ್ರಲ್ಲ ನೀವು! ಡಬ್ಬಿ ಎಲ್ಲೋ ಅಂತ ಅಮ್ಮ ದಿನಾ ಬೈತಿದಾರೆ, ಅದನ್ನ ಕೇಳೋಕೂ ಹೆದರಿಕೆ... ಹೇಳೋದು ಇನ್ನೂ ಬೇಕಾದಷ್ಟಿತ್ತು."

"ಈಗ ಹೇಳಿ."

ಅವನು ತಲೆ ತಗ್ಗಿಸಿದ. "ದಾರಿ ತುಂಬಾ ಕಿರಿದು ಧೃತಿ. ಎಲ್ಲಾ ಹಿಡಿಸಲ್ಲ."

"ಉಳಿದಿದ್ದೆಲ್ಲಾ ಬಿಟ್ಬಿಡಿ. ತಡ ಆಗಬಾರದ್ದು ಯಾವುದೋ, ಅದೊಂದೇ ಹೇಳಿ."

"...ನನ್ನ ಮದುವೆ ಆಗ್ತೀರಾ?"

ಅವಳು ಬ್ಯಾಗಿನಿಂದ ಸ್ಟೀಲಿನ ಡಬ್ಬಿ ತೆಗೆದು ಅವನ ಕೈಯಲ್ಲಿಟ್ಟಳು. ಒಳಗೆ ಎಳ್ಳು ಬೆಲ್ಲ ತುಂಬಿತ್ತು.

"ನಿಮ್ಮಮ್ಮನಿಗೆ ಕೊಡಿ," ಎಂದಳು. "ಖಾಲಿ ಕಳಿಸಿಲ್ಲ ಅಂತ ಹೇಳಿ."