ಎಡಗಡೆಯ ಮಡ್‌ಗಾರ್ಡ್

ಕಾರು ಇತ್ತು. ಅದರ ಎಡಗಡೆಯ ಮುಂದಿನ ಮಡ್‌ಗಾರ್ಡ್ ಮಾತ್ರ ಇರಲಿಲ್ಲ.

ಇಪ್ಪತ್ತಾರು ವರ್ಷದಿಂದ ವಿಮೆ ಕಂಪನಿಯ ಸರ್ವೇಯರ್ ಆಗಿದ್ದೇನೆ. ಇಡೀ ಕಾರು ಕದ್ದವರನ್ನು ನೋಡಿದ್ದೇನೆ. ಚಕ್ರ ಕದ್ದವರನ್ನು ನೋಡಿದ್ದೇನೆ. ತಮ್ಮ ಕಾರನ್ನು ತಾವೇ ಕದ್ದು, ನನ್ನ ಮುಂದೆ ಗೊಳೋ ಎಂದು ಅತ್ತವರನ್ನಂತೂ ಸಾಕು ಸಾಕೆನ್ನುವಷ್ಟು ನೋಡಿದ್ದೇನೆ. ಆದರೆ ಐವತ್ತು ವರ್ಷ ಹಳೆಯ, ಫಳಫಳ ಹೊಳೆಯುವ ಹಸಿರು ಕಾರನ್ನು ಬಿಟ್ಟು, ಚಕ್ರದ ಮೇಲಿನ ಒಂದೇ ಒಂದು ತಗಡು ಹೊತ್ತೊಯ್ದ ಕಳ್ಳನ ವಿಷಯ ಕೇಳಿದ್ದು ಅವತ್ತೇ ಮೊದಲು.

"ನಾಳೆ ಬೆಳಿಗ್ಗೆ ಆಟೋ ಶೋ, ಮೇಡಂ. ಇವತ್ತೇ ಹೀಗಾಗ್ಬೇಕಾ?" ಎಂದು ಗ್ಯಾರೇಜಿನ ಯಜಮಾನ ಹಣೆ ಒತ್ತಿಕೊಂಡ. ದಪ್ಪ ಕೈಯ, ಮೆದು ಮಾತಿನ ಮನುಷ್ಯ. ನಾನು ಬಂದಾಗ ತನ್ನ ವ್ಯಾನನ್ನು ಅಂಗಳದ ಮೂಲೆಗೆ ರಿವರ್ಸ್ ಹಾಕುತ್ತಿದ್ದ. ಅದು ಸರಿಯುವವರೆಗೆ ನಾನು ಸ್ಕೂಟರ್ ಹಿಡಿದುಕೊಂಡು ಗೇಟಿನಲ್ಲೇ ಬಿಸಿಲು ಕಾಯಬೇಕಾಯಿತು.

"ಮೊದಲು ನೋಡಿದ್ದು ಯಾರು?"

"ನಾನೇ," ಎಂದ ಪೇಂಟರ್. ಅವನ ಉಗುರಿನ ಸಂದಿಯಲ್ಲೂ ಹಸಿರು ಬಣ್ಣ. "ಎಂಟು ಗಂಟೆಗೆ ಬಂದೆ. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಒಳಗೆ ಬಂದು ನೋಡಿದ್ರೆ ಎದೆ ಧಸಕ್ಕಂತು."

"ಬೀಗದ ಕೈ ಯಾರ್ಯಾರ ಹತ್ರ ಇದೆ?"

"ಯಜಮಾನ್ರ ಹತ್ರ ಒಂದು. ನನ್ನ ಹತ್ರ ಒಂದು. ಇನ್ನೊಂದು ಕಾರಿನವರ ಹತ್ರ. ನಮ್ಮ ಮೇಲೆ ನಂಬಿಕೆ ಸಾಲದೆ ಇಸ್ಕೊಂಡಿದಾರೆ."

ಮಂಡಿ ಹಿಡಿದುಕೊಂಡು ಕೂತು ನೋಡಿದೆ. ಹನ್ನೊಂದು ಬೋಲ್ಟುಗಳು. ಹನ್ನೊಂದೂ ತಮ್ಮ ತಮ್ಮ ತೂತಿನಲ್ಲೇ, ಕೈಯಲ್ಲಿ ತಿರುಗಿಸಿ ಕೂರಿಸಿದ್ದವು. ಮುಂದಿನ ದೀಪವನ್ನು ಬಿಚ್ಚಿ ಮೆತ್ತನೆಯ ಬಟ್ಟೆಯ ಮೇಲೆ ಮಲಗಿಸಿದ್ದರು. ವೈರುಗಳ ತುದಿಗೆ ಒಂದೊಂದಕ್ಕೂ ಟೇಪು ಸುತ್ತಿತ್ತು.

"ಕಳ್ಳನಿಗೆ ಭಾರೀ ಪುರುಸೊತ್ತು ಇತ್ತು ಅನ್ಸುತ್ತೆ," ಎಂದೆ. ಯಾರೂ ನಗಲಿಲ್ಲ.

*

ಗ್ಯಾರೇಜಿನ ಹಿಂದೆ ಒಂದು ಕೋಣೆ. ಅಲ್ಲಿ ಯಜಮಾನನ ತಂಗಿ ಗಾಲಿಕುರ್ಚಿಯಲ್ಲಿ ಕೂತು ಕಾರುಗಳ ಸೀಟು ಹೊಲಿಯುತ್ತಾಳೆ. ಮೂವತ್ತು ದಾಟಿರಬಹುದು. ಬಲಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಸೊಂಟದ ಮೂಳೆಯೂ ಸರಿಯಾಗಿ ಕೂಡಿಕೊಂಡಿಲ್ಲ. ಹಸಿರು ಕಾರಿನ ಸೀಟುಗಳು ಅವಳ ಕೈಕೆಲಸ. ಎಂಟು ತಿಂಗಳು ಹಿಡಿದಿತ್ತಂತೆ. ನಾನು ಕೂತು ನೋಡಿದೆ. ಏಳಲು ಮನಸ್ಸೇ ಬರಲಿಲ್ಲ.

"ಅಕ್ಕ, ಸಿಗುತ್ತಾ?" ಎಂದಳು. "ಅರ್ಧಂಬರ್ಧ ಗಾಡಿನ ಒಳಗೆ ಬಿಡಲ್ಲ ಶೋದವರು. ಸೀಟಿನ ಕೆಲಸಕ್ಕೆ ಬೇರೆ ಸ್ಪರ್ಧೆ ಇದೆ. ಗೆದ್ದವರಿಗೆ ಬಸ್ ಕಟ್ಟೋ ಕಾರ್ಖಾನೇಲಿ ಕೆಲಸ. ಅವರ ಗಾಡೀನೇ ಮನೆ ಬಾಗಿಲಿಗೆ ಬರುತ್ತೆ. ಎಷ್ಟು ದಿನ ಅಂತ ಅಣ್ಣನ ಮೇಲೆ ಭಾರ ಹಾಕ್ಕೊಂಡು ಕೂರಲಿ?"

ಹೊಲಿಗೆ ಯಂತ್ರದ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದ್ದಳು. ಶೋಗೆ ಹೋಗುವ ದಿನದ ಯೋಜನೆ. ಏಳೂವರೆಗೆ ವ್ಯಾನಿನಲ್ಲಿ ಹೊರಡುವುದು. ಮೂರನೇ ಗೇಟು, ಅಲ್ಲಿ ಮೆಟ್ಟಿಲಿಲ್ಲ. ಕುರ್ಚಿ ಹೋಗುವ ಶೌಚಾಲಯ ಎಲ್ಲಿದೆ, ಅಲ್ಲಿಗೆ ಎಷ್ಟು ದೂರ. ಹನ್ನೊಂದಕ್ಕೆ ಸೀಟಿನ ಸ್ಪರ್ಧೆ. ಮಧ್ಯಾಹ್ನದ ಮೇಲೆ, ದುಂಡು ಅಕ್ಷರದಲ್ಲಿ, 'ಸುಮ್ಮನೆ ನೋಡುತ್ತಾ ತಿರುಗುವುದು, ಎರಡು ಗಂಟೆ'. ಇದಿಷ್ಟು ತಿಳಿದುಕೊಳ್ಳಲು ಶೋ ನಡೆಸುವವರಿಗೆ ಹನ್ನೊಂದು ಸಲ ಫೋನ್ ಮಾಡಿದ್ದಳಂತೆ.

"ಹನ್ನೆರಡು ವರ್ಷ ಆಯ್ತು ಅಕ್ಕ, ಆಸ್ಪತ್ರೆ ಬಿಟ್ಟು ಬೇರೆ ಎಲ್ಲಿಗೂ ಹೋಗಿಲ್ಲ."

"ಏನಾಗಿತ್ತಮ್ಮ?"

"ಗೆಳತಿ ಸೈಕಲ್ ತಗೊಂಡು ಹೋಗ್ತಿದ್ದೆ. ಮಬ್ಬುಗತ್ತಲು. ಹಿಂದಿಂದ ಬಂದು ಒಂದು ಕಾರು ಗುದ್ದಿತು. ಸ್ವಲ್ಪ ಮುಂದೆ ಹೋಗಿ ನಿಲ್ತು. ಆಮೇಲೆ ಹೊರಟೇ ಹೋಯ್ತು. ಮುಕ್ಕಾಲು ಗಂಟೆ ಅಲ್ಲೇ ಬಿದ್ದಿದ್ದೆ. ಇನ್ನೊಂಚೂರು ಬೇಗ ಕರ್ಕೊಂಡು ಬಂದಿದ್ರೆ ಕಾಲು ಉಳೀತಿತ್ತು ಅಂದ್ರು ಡಾಕ್ಟರು."

"ಯಾರು ಅಂತ ಗೊತ್ತಾಗ್ಲೇ ಇಲ್ವಾ?"

"ಇಲ್ಲ. ಅಣ್ಣ ಒಂದು ಗ್ಯಾರೇಜೂ ಬಿಡದೆ ಸುತ್ತಿದ. ಪೊಲೀಸ್ನೋರ ನೋಟೀಸನ್ನ ಎಲ್ಲಾ ಕಡೆ ಅವನೇ ಅಂಟಿಸಿ ಬಂದ." ದಾರ ಕಡಿದಳು. "ಈಗ ನೋಡಿ, ವ್ಯಾನೂ ಕೆಟ್ಟಿದೆಯಂತೆ. ಬೇರೆ ಗಾಡಿ ನೋಡೋಣ ಅಂದ ಬೆಳಿಗ್ಗೆ. ಬೇರೆ ಗಾಡಿಗೆ ಈ ಕುರ್ಚಿ ಹತ್ತಲ್ಲ. ಎಲ್ಲಾ ಒಟ್ಟಿಗೇ ಕೈಕೊಡ್ತು."

*

ಕಾರಿನ ಒಡೆಯ ಹನ್ನೊಂದಕ್ಕೆ ಬಂದ. ಹಳೆಯ ಡಾಕ್ಟರೊಬ್ಬರ ಮಗ. ಬಂದವನೇ ಎಲ್ಲರ ಮೇಲೂ ಹರಿಹಾಯ್ದ. ನನಗೆ ಅವನ ಮೇಲೇ ಗುಮಾನಿ. ವಿಮೆ ಮಾಡಿಸಿ ಮೂರು ವಾರ ಆಗಿತ್ತು ಅಷ್ಟೇ. ಬೀಗದ ಕೈ ಬೇರೆ ಅವನ ಜೇಬಿನಲ್ಲಿತ್ತು.

"ನನ್ನ ಕಾರನ್ನ ನಾನೇ ಹಾಳು ಮಾಡ್ಕೋತೀನಾ?" ಎಂದ.

"ಮಾಡ್ಕೊಂಡವರನ್ನ ಬೇಕಾದಷ್ಟು ನೋಡಿದೀನಿ." ಕೈಗೆ ಸ್ಪ್ಯಾನರ್ ಕೊಟ್ಟೆ. "ಆ ಬೋಲ್ಟ್ ಬಿಚ್ಚಿ ನೋಡೋಣ."

ಮಹಾರಾಯ ಬಿಗಿಮಾಡುವ ಕಡೆಗೇ ತಿರುಗಿಸಿದ. ಮುಖ ಕೆಂಪಗಾಗುವವರೆಗೂ ತಿರುಗಿಸಿದ. ಪೇಂಟರ್ ಗೋಡೆ ಕಡೆ ತಿರುಗಿ ಕೆಮ್ಮಿದ. ಈ ಆಸಾಮಿ ಹನ್ನೊಂದು ಬೋಲ್ಟು ಬಿಚ್ಚಬೇಕಾದರೆ ಮುಂದಿನ ವರ್ಷದ ಶೋ ಬರುತ್ತಿತ್ತು.

"ಅಪ್ಪನ ಕಾರು ಇದು," ಎಂದು ಸುಸ್ತಾಗಿ ಹೇಳಿದ. "ಒಂದು ಗೀರು ಬೀಳೋಕೂ ಬಿಡ್ತಿರ್ಲಿಲ್ಲ. ಬ್ರೇಕ್ ಸರಿಮಾಡ್ಸೋಕೆ ಅಂತ ಇಲ್ಲಿ ಬಿಟ್ರು. ಅದೇ ವಾರ ತೀರ್ಕೊಂಡ್ರು. ಅವತ್ತಿಂದ ಹನ್ನೆರಡು ವರ್ಷ ಇಲ್ಲೇ ಕಲ್ಲಿನ ಮೇಲೆ ನಿಂತಿದೆ. ಈ ವರ್ಷ ಶೋಗೆ ರೆಡಿ ಮಾಡೋಣ ಅಂದ್ರೆ ಯಜಮಾನ್ರಿಗೆ ಮನಸ್ಸೇ ಇರ್ಲಿಲ್ಲ. ಅವರ ತಂಗಿ ಹಟ ಹಿಡಿದು ಒಪ್ಪಿಸಿದ್ದು."

ಅವನು ಶೋದವರಿಗೆ ಫೋನ್ ಮಾಡಲು ಹೊರಗೆ ಹೋದ. ನಾನು ಪೇಂಟರ್ ಕಡೆ ತಿರುಗಿದೆ.

"ನಿನ್ನೆ ನಿನಗೂ ಯಜಮಾನರಿಗೂ ಮಾತಾಯ್ತಂತೆ? ಒಳಗೆ ಅವರ ತಂಗಿಗೆ ಕೇಳಿಸಿದೆ."

"ಮಾತು ಅಂದ್ರೆ ಏನಿಲ್ಲ ಮೇಡಂ. ಆ ಮಡ್‌ಗಾರ್ಡಲ್ಲಿ ಬಣ್ಣ ಗುಳ್ಳೆ ಎದ್ದಿತ್ತು. ಅದೊಂದನ್ನ ಮಾತ್ರ ಉಜ್ಜಿ ರೆಡಿ ಮಾಡಿ ಕೊಟ್ಟಿದ್ದು ಅವರೇ. ಒಳಗೆ ನೆಗ್ಗು ತುಂಬಿದ ಹಳೇ ಪುಟ್ಟಿ ಇರ್ಬೇಕು, ಬೆಳಿಗ್ಗೆ ಬಂದು ಬರೀ ತಗಡು ಕಾಣೋವರೆಗೂ ಕೆರೀತೀನಿ, ಸಂಜೆಯೊಳಗೆ ಹೊಸ ಬಣ್ಣ ಹೊಡೀತೀನಿ ಅಂದೆ. ಬೇಡ, ಮೇಲೇ ಪಾಲಿಶ್ ಎಳಿ ಅಂದ್ರು. ನಾನು ಒಪ್ಲಿಲ್ಲ. ಹೆಸರು ಹೋಗೋದು ನಂದು."

"ಬಿಚ್ಚಿದ ಬೋಲ್ಟುಗಳನ್ನ ಎಲ್ಲಿ ಹಾಕ್ತೀಯ?"

"ಡಬ್ಬಕ್ಕೆ."

"ತೂತಿಗೇ ವಾಪಸ್ ಹಾಕಲ್ವಾ?"

"ಅದಕ್ಕೇ ದಿನಾ ಬೈಸ್ಕೊಳ್ಳೋದು. ಹಾಗೆ ಹಾಕೋದು ಯಜಮಾನ್ರೊಬ್ರೇ."

ಅಷ್ಟು ಹೇಳಿ ಅವನು ಕಾರನ್ನೂ ನೋಡಿದ, ನನ್ನನ್ನೂ ನೋಡಿದ.

*

ಯಾರು ಎಂದು ಗೊತ್ತಾಯಿತು. ಯಾಕೆ ಎಂದು ಗೊತ್ತಾಗಲಿಲ್ಲ. ಆ ಗ್ಯಾರೇಜಿನಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಗಾಡಿ ಬಂದ ದಿನವೇ ಯಜಮಾನ ಒಂದು ಕಾರ್ಡಿನ ಮೇಲೆ ಕಾರಿನ ಚಿತ್ರ ಬರೆದು, ಎಲ್ಲೆಲ್ಲಿ ಗೀರಿದೆ, ಎಲ್ಲೆಲ್ಲಿ ನೆಗ್ಗಿದೆ ಎಂದು ಗುರುತು ಹಾಕುತ್ತಾನೆ. ಹಳೆಯ ಕಾರ್ಡುಗಳೆಲ್ಲ ತಂಗಿಯ ಕೋಣೆಯಲ್ಲಿ. ಹನ್ನೆರಡು ವರ್ಷದ ಹಿಂದಿನದು ಕೊಡಮ್ಮ ಎಂದೆ. ಹುಡುಕಿ ಕೊಟ್ಟಳು.

ಬಲ ಬಾಗಿಲಲ್ಲಿ ಸಣ್ಣ ಗೀರು. ಎಡ ಮಡ್‌ಗಾರ್ಡಿನ ಮುಂದೆ ಅವನದೇ ಅಕ್ಷರ: 'ಏನೂ ಇಲ್ಲ, ಚೊಕ್ಕ.' ಕೆಳಗೆ ತಾರೀಖು.

ಅವಳು ಕುರ್ಚಿಯಲ್ಲೇ ಪಕ್ಕಕ್ಕೆ ಬಗ್ಗಿ ಕಾರ್ಡು ನೋಡಿದಳು. "ಅಯ್ಯೋ, ಇದರ ಮಾರನೇ ದಿನಾನೇ ಅಕ್ಕ ನನಗೆ ಆಗಿದ್ದು," ಎಂದಳು. ಬೇರೇನೂ ಯೋಚಿಸದೆ ಹೇಳಿದಳು.

ಆ ತಾರೀಖನ್ನು ಇನ್ನೊಮ್ಮೆ ಓದಿದೆ. ಅಲ್ಲಿಗೇ ಕಾರ್ಡು ಮಡಚಿಟ್ಟು, ಕಳ್ಳ ಸಿಗಲಿಲ್ಲ ಎಂದು ಬರೆದು ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ನನ್ನ ಜಾಯಮಾನವೇ ಹಾಳು. ಆದರೆ ಅವಳನ್ನು ಅಂಗಳಕ್ಕೆ ಕರೆಯುವ ಮನಸ್ಸು ನನಗಿರಲಿಲ್ಲ. ತಾನೇ ಚಕ್ರ ತಳ್ಳಿಕೊಂಡು ಹಿಂದೆ ಬಂದಳು.

"ವ್ಯಾನಿನ ಬೀಗದ ಕೈ ಕೊಡಿ," ಎಂದೆ.

"ಅದು ಕೆಟ್ಟಿದೆ ಮೇಡಂ," ಎಂದ ಯಜಮಾನ.

"ಕೆಟ್ಟ ವ್ಯಾನು ಬೆಳಿಗ್ಗೆ ಚೆನ್ನಾಗಿ ರಿವರ್ಸ್ ಹೋಗ್ತಿತ್ತು."

ಅವನು ಕೊಡಲಿಲ್ಲ. ಅಲ್ಲೇ ಮೊಳೆಗೆ ನೇತುಹಾಕಿದ್ದನ್ನು ಪೇಂಟರ್ ತಂದುಕೊಟ್ಟ. ಗಾಲಿಕುರ್ಚಿ ಹತ್ತಿಸಲು ಮಾಡಿಸಿದ್ದ ಹಲಗೆಯ ಕೆಳಗೆ, ಕಂಬಳಿ ಸುತ್ತಿ, ಹಸಿರು ಮಡ್‌ಗಾರ್ಡ್.

"ಕೆರಿ," ಎಂದೆ.

ಪೇಂಟರ್ ಕೆರೆದ. ಬಣ್ಣ ಹೋಯಿತು. ಬೆರಳು ದಪ್ಪದ ಪುಟ್ಟಿ ಉದುರಿತು. ಅದರಡಿ ರಿವೆಟ್ ಹೊಡೆದು ಕೂರಿಸಿದ ಒಂದು ತಗಡಿನ ತೇಪೆ. "ಇದು ನಮ್ಮ ಥಿನ್ನರ್ ಡಬ್ಬದ ತಗಡು," ಎಂದ. "ಆಗಿನ ಕಾಲದ್ದು. ಈ ಡಬ್ಬ ಈಗ ಬರಲ್ಲ." ತೇಪೆ ಕಿತ್ತ. ಮುಷ್ಟಿಯಷ್ಟು ದೊಡ್ಡ ತೂತು. ಇಂಥವನ್ನು ಎಷ್ಟೋ ನೋಡಿದ್ದೇನೆ, ಸೈಕಲ್ ಹ್ಯಾಂಡಲ್ಲಿನ ತುದಿ ಹೊಕ್ಕು ಹರಿದ ತೂತು.

"ಗಾಡಿ ಒಳಗೆ ಬಂದ ದಿನ ಈ ಮಡ್‌ಗಾರ್ಡ್ ಚೊಕ್ಕ ಇತ್ತು. ನೀವೇ ಬರೆದಿದ್ದೀರಿ," ಎಂದೆ. "ಆಮೇಲೆ ಡಾಕ್ಟರು ತೀರಿಕೊಂಡರು, ಗಾಡಿ ಇಲ್ಲಿಂದ ಹೊರಗೇ ಹೋಗಿಲ್ಲ. ಹಾಗಾದರೆ ಈ ತೂತು ಬಿದ್ದಿದ್ದು ನಿಮ್ಮ ಕೈಯಲ್ಲಿದ್ದಾಗ. ಮುಚ್ಚಿದ್ದು ನಿಮ್ಮ ಡಬ್ಬದ ತಗಡಿನಿಂದ. ನಿನ್ನೆ ಪೇಂಟರ್ ಕೆರೀತೀನಿ ಅಂದ. ತಂಗಿಗೆ ಶೋ ತಪ್ಪಿದರೂ ಸರಿ, ಇದು ಬೆಳಕಿಗೆ ಬರಬಾರದು ಅಂತ ಬಿಚ್ಚಿ ಬಚ್ಚಿಟ್ಟಿರಿ. ಎಲ್ಲಾದರೂ ಎಸೆಯೋಕೆ ಹೊತ್ತು ಸಿಗಲಿಲ್ಲ. ಕಳ್ಳರು ಬಂದ ಹಾಗೆ ಕಾಣಿಸ್ಬೇಕಾಗಿತ್ತು. ಆದರೆ ಬೋಲ್ಟುಗಳನ್ನ ತೂತಿಗೆ ವಾಪಸ್ ಹಾಕದೆ ಇರೋಕೆ ನಿಮ್ಮ ಕೈ ಕೇಳಲಿಲ್ಲ."

ಯಜಮಾನ ತಂಗಿಯ ಕಡೆ ತಿರುಗಿದ.

"ಬ್ರೇಕ್ ಟ್ರಯಲ್‌ಗೆ ತಗೊಂಡು ಹೋಗಿದ್ದೆ ಮರಿ. ಹಿಡೀಲಿಲ್ಲ. ಮುಂದೆ ಹೋಗಿ ನಿಲ್ಲಿಸ್ದೆ. ಕನ್ನಡೀಲಿ ನೋಡ್ದೆ. ಯಾರೋ ಬಿದ್ದಿದ್ರು. ಎದ್ದೇಳ್ತಾರೆ ಅಂದ್ಕೊಂಡೆ. ಭಯ ಆಯ್ತು, ಬಂದ್ಬಿಟ್ಟೆ. ಆಸ್ಪತ್ರೆಯಿಂದ ಫೋನ್ ಬಂದಾಗ ಇದೇ ತಗಡು ಕತ್ತರಿಸ್ತಾ ಇದ್ದೆ." ಅವಳ ಕುರ್ಚಿಯ ಮುಂದೆ ಕುಕ್ಕರಿಸಿದ. "ನೀನು ಅಂತ ಗೊತ್ತಿರ್ಲಿಲ್ಲ. ನಿನ್ನಾಣೆ ಗೊತ್ತಿರ್ಲಿಲ್ಲ. ಗೊತ್ತಿದ್ದಿದ್ರೆ ಹೊತ್ಕೊಂಡು ಓಡ್ತಿರ್ಲಿಲ್ವಾ?"

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ನಾನು ನನ್ನ ಕೆಲಸಕ್ಕೆ ಸಲ್ಲದ ಮಾತು ಆಡಿದೆ. "ನೋಡಮ್ಮ, ಈಗ ಪೊಲೀಸರು ಬಂದರೆ ಕಾರನ್ನ ತಗೊಂಡು ಹೋಗ್ತಾರೆ. ನಾಳೆಯ ಶೋ ಇಲ್ಲ. ಪೇಂಟರ್ ಸಂಜೆಯೊಳಗೆ ಬೇರೆ ತಗಡು ಬೆಸೆದು ಬಣ್ಣ ಹೊಡೀಬಹುದು. ಬೇಕಾದರೆ ನಾಡಿದ್ದು ಬರೀತೀನಿ ನನ್ನ ವರದಿ."

"ಹೌದು ಮರಿ," ಎಂದ ಅಣ್ಣ. "ನೀನು ಹೋಗಿ ಬಾ. ಗೆದ್ದು ಬಾ. ನಾಡಿದ್ದು ನಾನೇ ಠಾಣೆಗೆ ಹೋಗ್ತೀನಿ."

ಅವಳು ಆ ತೂತಿನ ಅಂಚನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು.

"ಬೇಡ ಅಕ್ಕ. ಈಗಲೇ ಫೋನ್ ಮಾಡಿ," ಎಂದಳು.

ಅಣ್ಣ ಕುರ್ಚಿಯ ಹಿಂದೆ ಬಂದು ಹಿಡಿಗೆ ಕೈ ಹಾಕಿದ. ಒಳಗೆ ಕರೆದುಕೊಂಡು ಹೋಗೋಣವೆಂದು ಇರಬೇಕು. ಅವಳು ತಿರುಗಿಯೂ ನೋಡಲಿಲ್ಲ.

"ನಾನು ಅಂತ ನಿನಗೆ ಯಾಕೆ ಗೊತ್ತಾಗ್ಬೇಕಿತ್ತು ಅಣ್ಣ? ಯಾರೋ ಬಿದ್ದಿದಾರೆ ಅಂತ ಇಳಿದು ಬಂದಿದ್ರೂ ನನ್ನ ಕಾಲು ಇರ್ತಿತ್ತು."

ಅವನು ಹಿಡಿಯಿಂದ ಕೈ ತೆಗೆದ. ನಾನು ಠಾಣೆಗೆ ಫೋನ್ ಮಾಡಿದೆ.