ಹದಿನಾಲ್ಕನೇ ಪ್ರಶ್ನೆ

"ನೀವು ನಾಳೆ ತೀರಿಹೋದರೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?"

ಪರಿಚಯವಾಗಿ ಹತ್ತು ನಿಮಿಷವೂ ಆಗಿರದ ಗಂಡಸೊಬ್ಬ ಒಬ್ಬ ಹೆಂಗಸನ್ನು ಕೇಳುವ ಮಾತೇ ಇದು? ಆದರೆ ಸೆಡ್ರಿಕ್ ಕೇಳಿಬಿಟ್ಟಿದ್ದ. ಕೇಳಿದ್ದಲ್ಲದೆ ಪೆನ್ಸಿಲ್ ಹಿಡಿದು, ಉತ್ತರ ಬರೆದುಕೊಳ್ಳಲು ತಲೆ ತಗ್ಗಿಸಿ ಕಾಯುತ್ತಲೂ ಇದ್ದ.

ಎದುರು ಕುಳಿತಿದ್ದ ಉರ್ಸುಲಾ ಎದ್ದು ವರಾಂಡಕ್ಕೆ ಹೋದಳು.

ತಪ್ಪು ಅವನದಾಗಿರಲಿಲ್ಲ. ಆ ಪ್ರಶ್ನೆ ಫಾರಂನಲ್ಲೇ ಇತ್ತು, ಹದಿನಾಲ್ಕನೆಯದು. ಅದು 2016ರ ಸೆಪ್ಟೆಂಬರಿನ ಒಂದು ಶುಕ್ರವಾರ, ದುಬೈನ ಕರಾಮದ ಹಳೆಯ ಕಟ್ಟಡವೊಂದರ ಎರಡನೇ ಮಹಡಿ. ವಕೀಲರ ಕಚೇರಿಯಲ್ಲಿ ಸಹಾಯಕರಾಗಿ ಕೆಲಸ ಮಾಡಬೇಕೆನ್ನುವವರಿಗೆ ಉಯಿಲು ಬರೆಯುವುದು, ಟ್ರಸ್ಟ್ ಮಾಡುವುದು, ತೀರಿಹೋದವರ ಆಸ್ತಿಪಾಸ್ತಿ ವಿಲೇವಾರಿ ಮಾಡುವುದು, ಇವನ್ನೆಲ್ಲ ಹನ್ನೆರಡು ಶುಕ್ರವಾರಗಳಲ್ಲಿ ಕಲಿಸುವ ತರಬೇತಿ ಅಲ್ಲಿ ಶುರುವಾಗಿತ್ತು. ಮೊದಲ ಪಾಠವೇ ಇದು: ಇಬ್ಬಿಬ್ಬರು ಎದುರುಬದುರು ಕುಳಿತು ಒಬ್ಬರ ಉಯಿಲನ್ನು ಇನ್ನೊಬ್ಬರು ಬರೆಯಬೇಕು.

ಸ್ವಲ್ಪ ಹೊತ್ತಿಗೆ ಸೆಡ್ರಿಕ್ ಎರಡು ಕಾಗದದ ಲೋಟಗಳಲ್ಲಿ ಚಹಾ ಹಿಡಿದುಕೊಂಡು ವರಾಂಡಕ್ಕೆ ಬಂದ. ಎತ್ತರದ ಆಳು, ಮುಖದ ತುಂಬ ಅಪರಾಧಿ ಭಾವ.

"ಸಾರಿ. ನಾನು ಫಾರಂ ನೋಡಿ ಓದಿದ್ದು. ನಿಮ್ಮ ಮುಖ ನೋಡಬೇಕಿತ್ತು."

"ಪ್ರಶ್ನೆ ಸರಿಯೇ ಉಂಟು," ಎಂದಳು ಉರ್ಸುಲಾ. "ನನ್ನ ಹತ್ತಿರ ಉತ್ತರ ಇಲ್ಲ, ಅಷ್ಟೆ."

ಅವನು ಮತ್ತೇನೂ ಕೇಳಲಿಲ್ಲ. ಫಾರಂನಲ್ಲಿ ಆ ಜಾಗ ಖಾಲಿಯೇ ಉಳಿಯಿತು.

ಉತ್ತರವಿಲ್ಲದ ಆ ಪ್ರಶ್ನೆಗಾಗಿಯೇ ಅವಳು ಈ ತರಬೇತಿಗೆ ಸೇರಿದ್ದು. ನಾಲ್ಕು ವರ್ಷದ ಹಿಂದೆ ಅವಳ ಗಂಡ ವಿಲ್ಫ್ರೆಡ್ ಅಬುಧಾಬಿಯಲ್ಲಿ ಕೆಲಸದ ಜಾಗದಲ್ಲೇ ಎದೆನೋವಿನಿಂದ ತೀರಿಕೊಂಡಿದ್ದ. ಉಯಿಲು ಬರೆದಿರಲಿಲ್ಲ. ಮೂವತ್ತೈದರ ಪ್ರಾಯದಲ್ಲಿ ಯಾರು ತಾನೇ ಬರೆಯುತ್ತಾರೆ? ಆಗ ನತಾಶಾಗೆ ಮೂರು ವರ್ಷ. ಮಗುವಿನ ವೀಸಾ ಸತ್ತವನ ಹೆಸರಿನಲ್ಲಿತ್ತು. ಇವಳೇ ಹೆಂಡತಿ, ಇವಳೇ ಮಗಳು ಎಂದು ಕೋರ್ಟಿನಲ್ಲಿ ಹೇಳಲು ಇಬ್ಬರು ಸಾಕ್ಷಿಗಳು ಬೇಕಿತ್ತು. ಅವಳ ಮನೆಯಲ್ಲಿ ವಾರವಾರ ಕೋರಿ ರೊಟ್ಟಿ ತಿಂದು ಹೋಗುತ್ತಿದ್ದ ಗಂಡನ ಸ್ನೇಹಿತರನ್ನು ಒಬ್ಬೊಬ್ಬರಾಗಿ ಕೇಳಿದಳು. ಒಬ್ಬನಿಗೆ ರಜೆ ಸಿಗಲಿಲ್ಲ. ಇನ್ನೊಬ್ಬನಿಗೆ ಕೋರ್ಟು ಎಂದರೆ ಹೆದರಿಕೆ. ಮೂರನೆಯವನು ಫೋನು ಎತ್ತುವುದನ್ನೇ ಬಿಟ್ಟ. ಕೊನೆಗೆ ಬಂದದ್ದು ಮುಖಪರಿಚಯವಷ್ಟೇ ಇದ್ದ ಇಬ್ಬರು, ಅದೂ ಐದು ತಿಂಗಳ ಅಲೆದಾಟದ ನಂತರ.

ಆ ಐದು ತಿಂಗಳಲ್ಲಿ ಅವಳಿಗೆ ಒಂದು ವಿಷಯ ಅರ್ಥವಾಗಿತ್ತು. ನಾಳೆ ತನಗೇನಾದರೂ ಆದರೆ ಕುಂದಾಪುರದಿಂದ ತಮ್ಮ ಬರುತ್ತಾನೆ, ನಿಜ. ಆದರೆ ಅವನು ವೀಸಾ ಮಾಡಿಸಿಕೊಂಡು ಬಂದು ಇಳಿಯುವವರೆಗೆ ಈ ಊರಿನಲ್ಲಿ ಮಗುವಿನ ಕೈ ಹಿಡಿದುಕೊಳ್ಳುವವರು ಯಾರು?

ಅವಳು ಈಗ ಅಲ್ ನಹ್ದಾದ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ರಿಸೆಪ್ಶನಿಸ್ಟ್. ಫ್ಲಾಟಿನ ಇನ್ನೊಂದು ಕೋಣೆಯಲ್ಲಿ ಗ್ರೇಸಿಬಾಯಿ ಇದ್ದರು. ವಯಸ್ಸಾದ ನರ್ಸು, ನತಾಶಾಳ ಮೇಲೆ ಪ್ರಾಣ. ಆದರೆ ಬರುವ ಮಾರ್ಚಿಗೆ ಅವರೂ ನಿವೃತ್ತರಾಗಿ ಊರಿಗೆ ಹೊರಡುವವರು.

ಇನ್ನು ಸೆಡ್ರಿಕ್. ಕಿನ್ನಿಗೋಳಿಯವನು, ರಾಸ್ ಅಲ್ ಖೋರ್‌ನ ಕಾರು ರಿಪೇರಿ ವರ್ಕ್‌ಶಾಪಿನ ಆಫೀಸು ನೋಡಿಕೊಳ್ಳುತ್ತಿದ್ದ. ಒಮ್ಮೆ ರೂಮ್‌ಮೇಟ್ ಅಪಘಾತದಲ್ಲಿ ಸತ್ತಾಗ ಕಾಗದಪತ್ರಗಳಿಗೆಲ್ಲ ಓಡಾಡಿ ದೇಹವನ್ನು ಊರಿಗೆ ಮುಟ್ಟಿಸಿದ್ದ. ಅಂದಿನಿಂದ ಪರಿಚಯದವರಲ್ಲಿ ಎಲ್ಲಿ ಸಾವಾದರೂ ಮೊದಲ ಫೋನು ಅವನಿಗೇ. ಹೇಗೂ ಮಾಡುವ ಕೆಲಸ, ಸರಿಯಾಗಿ ಕಲಿತು ಮಾಡೋಣ ಎಂದು ಬಂದಿದ್ದ. ಮೂವತ್ತೆಂಟಾದರೂ ಮದುವೆಯಾಗಿರಲಿಲ್ಲ. ಬೇರೆಯವರ ಸಾವು ನೋಡಿಕೊಳ್ಳುವುದರಲ್ಲಿ ಪುಣ್ಯಾತ್ಮನಿಗೆ ಸ್ವಂತ ಬದುಕಿನ ನೆನಪೇ ಆಗಿರಲಿಲ್ಲವೋ ಏನೋ.

ಮೊದಮೊದಲು ಇಬ್ಬರೂ ಕೊಂಕಣಿಯಲ್ಲಿ ಮಾತಾಡಿದರು. ಅವಳ ಕುಂದಾಪುರದ ಕೊಂಕಣಿ ಕೇಳಿದರೆ ಅವನಿಗೆ ನಗು, ಅವನ ನಗು ಕಂಡರೆ ಅವಳಿಗೆ ಸಿಟ್ಟು. ಕೊನೆಗೆ ರಾಜಿಯಾಗಿ ಕನ್ನಡಕ್ಕೆ ಬಂದರು.

ಪಾಠ ಹೇಳುತ್ತಿದ್ದವರು ಭಟ್ಕಳದ ಖದೀಜಾ ಮೇಡಂ. ವಕೀಲರ ಕಚೇರಿಯಲ್ಲಿ ಇಪ್ಪತ್ತು ವರ್ಷ ಪಳಗಿದವರು. ನಮ್ಮ ಧರ್ಮದಲ್ಲಿ ಯಾರಿಗೆ ಎಷ್ಟು ಪಾಲು ಎಂದು ಮೊದಲೇ ಹೇಳಿಟ್ಟಾಗಿದೆ, ನಿಮಗೆ ಆ ಸುಖ ಇಲ್ಲ, ಆದ್ದರಿಂದ ಬಾಯಿ ಮುಚ್ಚಿಕೊಂಡು ಬರೆಯಿರಿ ಎಂದು ಗದರಿಸುತ್ತಿದ್ದರು. ಮುಸ್ಲಿಮೇತರರು ಉಯಿಲು ನೋಂದಾಯಿಸುವ ಕಚೇರಿ ದುಬೈನಲ್ಲಿ ಹಿಂದಿನ ವರ್ಷವಷ್ಟೇ ತೆರೆದಿತ್ತು. ಎಲ್ಲರಿಗೂ ಅದು ಹೊಸದು. ಮೇಡಂ ಎರಡು ಮಾತುಗಳನ್ನು ಮಾತ್ರ ವಾರವಾರ ತಪ್ಪದೆ ಹೇಳಿಸುತ್ತಿದ್ದರು. ಬದಲಾಗಬಹುದಾದದ್ದನ್ನೆಲ್ಲ ಮೊದಲು ಪೆನ್ಸಿಲಿನಲ್ಲಿ ಬರೆಯಬೇಕು. ಮತ್ತೆ, ಉಯಿಲಿನ ಒಳಗೆ ಹೆಸರಿರುವವರು, ಪಾಲು ಸಿಗುವವರಿರಲಿ ಮಗುವಿನ ಪಾಲಕರಿರಲಿ, ಕೆಳಗೆ ಸಾಕ್ಷಿ ಹಾಕಬಾರದು.

ಗ್ರೇಸಿಬಾಯಿಗೆ ಶುಕ್ರವಾರ ಡ್ಯೂಟಿ. ಹಾಗಾಗಿ ನತಾಶಾ ಕೂಡ ಕ್ಲಾಸಿಗೆ ಬಂದು ಹಿಂದಿನ ಬೆಂಚಿನಲ್ಲಿ ಚಿತ್ರ ಬರೆಯುತ್ತಿದ್ದಳು. ಸೆಡ್ರಿಕ್‌ನ ಉಯಿಲನ್ನು ಉರ್ಸುಲಾ ಬರೆಯುವ ದಿನ ಅವನ ಆಸ್ತಿಯ ಪಟ್ಟಿ ಎರಡೇ ಸಾಲಿಗೆ ಮುಗಿಯಿತು: ಅಪ್ಪ ಬಿಟ್ಟುಹೋದ ಪಿಟೀಲು, ಮತ್ತೆ ಒಂದು ಬಿಳಿ ಕಾರು. ಆ ಕಾರಿನ ಒಂದು ಬಾಗಿಲು ಮಾತ್ರ ಹಸಿರು, ಗುಜರಿಯಿಂದ ತಂದು ಕೂರಿಸಿದ್ದು.

"ವಾಟ್ ಡು ಐ ಗೆಟ್?" ಎಂದಿತು ಹಿಂದಿನಿಂದ ಒಂದು ಸ್ವರ.

ಕ್ಲಾಸಿಗೆ ಕ್ಲಾಸೇ ನಕ್ಕಿತು. ಸೆಡ್ರಿಕ್ ನಗಲಿಲ್ಲ. ಯೋಚಿಸಿ, ಗಂಭೀರವಾಗಿ ಬರೆಸಿದ: ಹಸಿರು ಬಾಗಿಲು, ನತಾಶಾಗೆ.

ಅಂದಿನಿಂದ ನತಾಶಾ ಆ ಕಾರಿನ ಬೇರೆ ಬಾಗಿಲಿಂದ ಹತ್ತಿದ್ದೇ ಇಲ್ಲ.

ಹೌದು, ಹತ್ತುವ ರೂಢಿ ಆಗಿಬಿಟ್ಟಿತ್ತು. ಕ್ಲಾಸು ಮುಗಿದ ಮೇಲೆ ಕೆಳಗಿನ ಹೋಟೆಲಿನಲ್ಲಿ ಮಸಾಲೆದೋಸೆ, ಊದ್ ಮೇಥಾದ ಚರ್ಚಿನಲ್ಲಿ, ಅವರ ಮಾತಿನಲ್ಲಿ ಇಗರ್ಜಿಯಲ್ಲಿ, ಪೂಜೆ, ಆಮೇಲೆ ಅಲ್ ನಹ್ದಾದವರೆಗೆ ಅವನ ಕಾರು. ದೋಸೆಯೊಳಗಿನ ಪಲ್ಯದಿಂದ ಹಸಿಮೆಣಸು ಹೆಕ್ಕಿ ತೆಗೆದು ಮಗುವಿನ ಕಡೆ ತಟ್ಟೆ ಸರಿಸುವುದು ಅವನ ಕೆಲಸ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಗುರುವಾರ ಸಂಜೆಯೇ ಉರ್ಸುಲಾ ಮರುದಿನದ ಸೀರೆ ತೆಗೆದಿಡತೊಡಗಿದಳು. ಯಾಕೆ ತೆಗೆದಿಡುತ್ತಿದ್ದೇನೆ ಎಂದು ತನ್ನನ್ನೇ ಕೇಳಿಕೊಂಡು, ಮತ್ತೆ ಮಡಚಿ ಒಳಗಿಡುತ್ತಿದ್ದಳು.

'ಬೇಡ ಉರ್ಸುಲಾ... ಒಮ್ಮೆ ನಂಬಿದವರೆಲ್ಲ ಎಲ್ಲಿ ಹೋದರು ಅಂತ ಮರೆತು ಹೋಯಿತಾ?'

ಮನಸ್ಸಿಗೆ ಬುದ್ಧಿ ಹೇಳುವುದು ಸುಲಭ. ಅದು ಕೇಳಬೇಕಲ್ಲ. ಶುಕ್ರವಾರ ಬೆಳಿಗ್ಗೆ ಅದೇ ಸೀರೆ ಉಟ್ಟುಕೊಂಡು ಹೊರಡುತ್ತಿದ್ದಳು.

ಹನ್ನೆರಡನೇ ಶುಕ್ರವಾರ ಖದೀಜಾ ಮೇಡಂ ಅವಳನ್ನು ಕರೆದು, ಕಲಿತದ್ದು ಸಾಕು, ಈಗ ನಿನ್ನದೇ ಉಯಿಲು ನೋಂದಾಯಿಸು, ಮಗುವಿನ ವಿಷಯ ತಡ ಮಾಡಬೇಡ ಎಂದರು. ಹದಿನೈದು ದಿನ ಬಿಟ್ಟು ನೋಂದಣಿಗೆ ದಿನವೂ ನಿಗದಿಯಾಯಿತು. ಅಧಿಕಾರಿಯ ಎದುರು ಸಹಿ ಹಾಕಲು ಒಬ್ಬ ಸಾಕ್ಷಿ ಬೇಕು.

ಯಾರನ್ನು ಕೇಳುವುದೆಂದು ಉರ್ಸುಲಾಗೆ ಯೋಚಿಸುವ ಅಗತ್ಯವೇ ಬರಲಿಲ್ಲ. ಮೆಟ್ಟಿಲಿಳಿಯುವಾಗ, ಎಷ್ಟೋ ವರ್ಷಗಳ ನಂತರ ಮೊದಲ ಬಾರಿಗೆ, ಹೆದರದೆ ಒಬ್ಬರನ್ನು ಕೇಳಿದಳು.

"ಸೆಡ್ರಿಕ್, ನನ್ನ ಉಯಿಲಿಗೆ ಸಾಕ್ಷಿ ಹಾಕ್ತೀರಾ?"

ಅವನು ನಿಂತುಬಿಟ್ಟ. ಮುಖದ ಬಣ್ಣವೇ ಬದಲಾಯಿತು. ಎರಡು ಮೆಟ್ಟಿಲು ಕೆಳಗೆ ನತಾಶಾ ಅವನ ಕೈ ಹಿಡಿದು ಎಳೆಯುತ್ತಿದ್ದಳು.

"ನನ್ನಿಂದ ಆಗುದಿಲ್ಲ ಉರ್ಸುಲಾ," ಎಂದ ಮೆಲ್ಲಗೆ. "ಬೇರೆ ಯಾರನ್ನಾದರೂ ನೋಡಿ."

ಬೇರೆ ಯಾರನ್ನಾದರೂ ನೋಡಿ. ಅದೇ ಮಾತು... ನಾಲ್ಕು ವರ್ಷದ ಹಿಂದೆ ಫೋನಿನಲ್ಲಿ ಕೇಳಿದ್ದ ಅದೇ ಮಾತು. ಅವಳೊಳಗೆ ಏನೋ ತಣ್ಣಗಾಯಿತು.

"ಖಲಾಸ್. ಗೊತ್ತಾಯ್ತು," ಎಂದಳು. ಅವನ ಕೈಯಿಂದ ನತಾಶಾಳ ಕೈ ಬಿಡಿಸಿಕೊಂಡು, ಅವನು ಏನೋ ಹೇಳಲು ಬಾಯಿ ತೆರೆಯುವ ಮೊದಲೇ ಮೆಟ್ರೋ ಕಡೆಗೆ ನಡೆದಳು. ಕಣ್ಣೀರು ಮಗುವಿಗೆ ಕಾಣದಿರಲಿ ಎಂದು ಬಿಸಿಲನ್ನು ಬೈದುಕೊಂಡು ಕಪ್ಪು ಕನ್ನಡಕ ಹಾಕಿಕೊಂಡಳು.

ಆ ವಾರ ಅವನು ನಾಲ್ಕು ಸಲ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಒಮ್ಮೆ ಮಾತಾಡಬೇಕಿತ್ತು ಎಂಬ ಮೆಸೇಜಿಗೆ ಉತ್ತರಿಸಲಿಲ್ಲ. ಮುಂದಿನ ಶುಕ್ರವಾರ ಬೇಕೆಂದೇ ಬೇರೆ ಹೊತ್ತಿನ ಪೂಜೆಗೆ ಹೋದಳು. ಇಗರ್ಜಿಯಿಂದ ಹೊರಗೆ ಬಂದ ಮಗಳು ನಿಂತ ಕಾರುಗಳ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿ ಕೇಳಿದಳು.

"ಮಮ್ಮಿ, ಡಿಡ್ ಸೆಡ್ರಿಕ್ ಅಂಕಲ್ ಡೈ ಟೂ?"

ಉರ್ಸುಲಾ ಅಲ್ಲೇ ಮೊಣಕಾಲೂರಿ ಮಗಳನ್ನು ಅಪ್ಪಿಕೊಂಡಳು. ಇಲ್ಲ ಮಗಾ, ಇಲ್ಲ ಎಂದಷ್ಟೇ ಹೇಳಲು ಆಯಿತು. ಕಾಣೆಯಾಗುವ ಗಂಡಸರೆಲ್ಲ ಸತ್ತವರು ಎಂದುಕೊಂಡಿರುವ ಏಳು ವರ್ಷದ ಹುಡುಗಿಗೆ ಇನ್ನೇನು ಹೇಳುವುದು?

ಮರುದಿನ, ಶನಿವಾರ. ಕ್ಲಿನಿಕ್ಕಿನಿಂದ ಬೇಗ ಬಂದು ಉರ್ಸುಲಾ ಊಟದ ಮೇಜಿನ ಮೇಲೆ ಫಾರಂ ಹರಡಿಕೊಂಡಳು. ಬೇರೆ ದಾರಿ ಇರಲಿಲ್ಲ. ಮಾರ್ಚಿನವರೆಗಾದರೂ ಇರಲಿ ಎಂದು ಹದಿನಾಲ್ಕನೇ ಪ್ರಶ್ನೆಯ ಎದುರು ಗ್ರೇಸಿಬಾಯಿಯ ಹೆಸರು ಬರೆದಳು, ಪೆನ್ಸಿಲಿನಲ್ಲಿ. ಸಾಕ್ಷಿಯ ಜಾಗಕ್ಕೆ ಬಂದು ಪೆನ್ಸಿಲ್ ಕಚ್ಚುತ್ತಾ ಕುಳಿತಳು.

ಮೀನಿಗೆ ಮಸಾಲೆ ಹಚ್ಚುತ್ತಿದ್ದ ಗ್ರೇಸಿಬಾಯಿ ಇಣುಕಿದರು. "ಅದಕ್ಕೆ ಎಂತ ಅಷ್ಟು ತಲೆಬಿಸಿ ಮಾರಾಯ್ತಿ? ಸಾಕ್ಷಿಯೂ ನಾನೇ ಹಾಕ್ತೇನೆ."

"ಹಾಗೆ ಆಗುದಿಲ್ಲ ಬಾಯಿ. ಒಳಗೆ ಹೆಸರಿದ್ದವರು ಸಾಕ್ಷಿ ಹಾಕ್ಲಿಕ್ಕೆ..."

ಮಾತು ಅಲ್ಲಿಗೇ ನಿಂತಿತು.

ಹನ್ನೆರಡು ವಾರ ಬಾಯಿಪಾಠ ಮಾಡಿದ ಸಾಲು. ಅವಳೂ ಮಾಡಿದ್ದಳು, ಪಕ್ಕದಲ್ಲಿ ಕುಳಿತು ಅವನೂ ಮಾಡಿದ್ದ. ಒಳಗೆ ಹೆಸರಿದ್ದವರು ಸಾಕ್ಷಿ ಹಾಕಬಾರದು. ಹಾಗಾದರೆ... ಸಾಕ್ಷಿ ಹಾಕಲು ಒಪ್ಪದವನು?

'ಅಯ್ಯೋ ದೇವರೇ. ಅವನು ನುಣುಚಿಕೊಂಡದ್ದಲ್ಲವಾ? ಒಳಗೆ ಬರಲಿಕ್ಕೆ ಕಾದದ್ದಾ?'

ಎಲ್ಲಿಗೆ, ಏನು ಎಂದು ಗ್ರೇಸಿಬಾಯಿ ಕೇಳುತ್ತಿದ್ದಂತೆಯೇ ಉರ್ಸುಲಾ ಮಗಳನ್ನು ಅವರಿಗೆ ಒಪ್ಪಿಸಿ, ಫಾರಂ ಮತ್ತು ಪೆನ್ಸಿಲ್ ಬ್ಯಾಗಿಗೆ ತುರುಕಿ, ಟ್ಯಾಕ್ಸಿ ಹತ್ತಿದಳು. ದಾರಿಯುದ್ದಕ್ಕೂ ಅವಳಿಗೆ ಒಂದೇ ಭಯ. ತನ್ನ ಲೆಕ್ಕ ತಪ್ಪಾಗಿದ್ದರೆ? ನಿಜಕ್ಕೂ ಅವನಿಗೆ ಬೇಡವಾಗಿದ್ದರೆ? ಎರಡು ಸಲ ಟ್ಯಾಕ್ಸಿ ತಿರುಗಿಸಿ ಎನ್ನಲು ಹೊರಟು ಸುಮ್ಮನಾದಳು.

ರಾಸ್ ಅಲ್ ಖೋರ್‌ನಲ್ಲಿ ವರ್ಕ್‌ಶಾಪಿನ ಎದುರೇ ಆ ಕಾರು ನಿಂತಿತ್ತು. ಹಸಿರು ಬಾಗಿಲನ್ನು ಮಾತ್ರ ಯಾರೋ ಚೆನ್ನಾಗಿ ಉಜ್ಜಿ ಹೊಳೆಯುವಂತೆ ಮಾಡಿದ್ದರು. ಪೇಂಟಿನ ವಾಸನೆ, ಸುತ್ತಿಗೆಯ ಸದ್ದು. ಗಾಜಿನ ಕೋಣೆಯಲ್ಲಿ ಕುಳಿತಿದ್ದ ಸೆಡ್ರಿಕ್ ಅವಳನ್ನು ಕಂಡು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ನತಾಶಾಗೆ ಏನಾದರೂ..."

"ಅವಳು ಆರಾಮ ಇದ್ದಾಳೆ. ನೀವು ಸತ್ತಿದ್ದೀರಾ ಅಂತ ಕೇಳಿದಳು." ಉರ್ಸುಲಾ ಗಾಜಿನ ಬಾಗಿಲು ಮುಚ್ಚಿದಳು. "ಸಾಕ್ಷಿ ಯಾಕೆ ಹಾಕುದಿಲ್ಲ ಅಂದ್ರಿ?"

ಅವನು ಕುರ್ಚಿ ಎತ್ತಿ ನಿಲ್ಲಿಸಿದ. ಆಮೇಲೆ ನೆಲ ನೋಡುತ್ತ ಹೇಳಿದ.

"ಒಮ್ಮೆ ಸಹಿ ಹಾಕಿದರೆ ನಾನು ಹೊರಗಿನವನೇ ಆಗ್ತೇನೆ. ನಂಗೆ ಹೊರಗೆ ನಿಲ್ಲಲಿಕ್ಕೆ ಮನಸ್ಸಿರಲಿಲ್ಲ."

"ಅದನ್ನು ಅವತ್ತೇ ಹೇಳಬಹುದಿತ್ತಲ್ಲ."

"ಹೇಗೆ ಹೇಳುದು? ಗಂಡನನ್ನು ಕಳಕೊಂಡ ಹೆಂಗಸಿನ ಹತ್ತಿರ, ನಿಮ್ಮ ಉಯಿಲಿನಲ್ಲಿ ನನ್ನ ಹೆಸರು ಹಾಕಿ ಅಂತ ಯಾವ ಬಾಯಲ್ಲಿ ಕೇಳುದು? ಏನೋ ಆಸೆಗೆ ಬಂದವನು ಅಂತ ಅಂದುಕೊಳ್ತಿದ್ರಿ." ಅವನು ತಲೆ ಎತ್ತಿದ. ಕಣ್ಣು ಒದ್ದೆಯಾಗಿತ್ತು. "ಆಸೆ ಇದ್ದದ್ದು ಹೌದು. ಆ ಮಗು ನನ್ನ ಕೈ ಹಿಡಿದು ಮೆಟ್ಟಿಲು ಇಳಿಯುತ್ತದಲ್ಲ... ಆ ಕೈಯ ಮೇಲೆ. ಮತ್ತೆ ನಿಮ್ಮ ಮೇಲೆ."

ಉರ್ಸುಲಾಗೆ ಅಳುವೂ ನಗುವೂ ಒಟ್ಟಿಗೇ ಬಂತು. ಮೂರು ತಿಂಗಳು ತಾನು ಬೇಡ ಬೇಡ ಎಂದು ಮಡಚಿಟ್ಟದ್ದನ್ನೇ ಇವನೂ ಮಡಚಿಟ್ಟುಕೊಂಡು ಕೂತಿದ್ದನಲ್ಲ! ಅವಳು ಕುರ್ಚಿ ಎಳೆದುಕೊಂಡು ಅವನೆದುರು ಕುಳಿತಳು. ಫಾರಂ ತೆಗೆದು ಮೇಜಿನ ಮೇಲಿಟ್ಟಳು. ರಬ್ಬರಿನಿಂದ ಗ್ರೇಸಿಬಾಯಿಯ ಹೆಸರು ಅಳಿಸಿ, ಪೆನ್ಸಿಲನ್ನು ಅವನ ಕೈಗೆ ಕೊಟ್ಟಳು.

"ಮೊದಲ ದಿನ ಕೇಳಿದಿರಲ್ಲ, ಹದಿನಾಲ್ಕನೆಯದು. ಇನ್ನೊಮ್ಮೆ ಕೇಳಿ. ಈ ಸಲ ಮುಖ ನೋಡಿ."

ಅವನು ನೋಡಿದ.

"ನೀವು... ನೀವು ಇಲ್ಲದಿದ್ದರೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?"

"ಸೆಡ್ರಿಕ್ ರೆಬೆಲ್ಲೊ. ಬರೆಯಿರಿ." ಅವಳು ಕಣ್ಣೊರೆಸಿಕೊಂಡಳು. "ನಾನು ಇದ್ದಾಗಲೂ ಅವರೇ."

ಅವನು ತನ್ನ ಹೆಸರನ್ನೇ ಮೊದಲ ಸಲ ಬರೆಯುವವನ ಹಾಗೆ ನಿಧಾನವಾಗಿ ಬರೆದ. ಮುಗಿಸಿ, ಫಾರಂನ ಮೇಲುಭಾಗಕ್ಕೆ ಬೆರಳಿಟ್ಟ. ಮೂರನೇ ಪ್ರಶ್ನೆ, ವೈವಾಹಿಕ ಸ್ಥಿತಿ. ಅದರ ಎದುರು ವಿಧವೆ ಎಂದಿತ್ತು.

"ಇದು?"

"ಅದೂ ಪೆನ್ಸಿಲಿನಲ್ಲೇ ಉಂಟು," ಎಂದಳು ಉರ್ಸುಲಾ.

ಹೊರಗೆ ಸುತ್ತಿಗೆಯ ಸದ್ದು ನಿಂತಿತ್ತು. ಮೆಕ್ಯಾನಿಕ್ಕುಗಳೆಲ್ಲ ಗಾಜಿನಾಚೆ ನಿಂತು ಮುಚ್ಚುಮರೆಯಿಲ್ಲದೆ ನೋಡುತ್ತಿದ್ದರು. ಸೆಡ್ರಿಕ್‌ಗೆ ಅದರ ಪರಿವೆಯೇ ಇರಲಿಲ್ಲ. ಮೇಜಿನ ಮೇಲಿದ್ದ ಅವಳ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದ. ಸ್ವಲ್ಪ ಹೊತ್ತಿನ ಮೇಲೆ ಏನೋ ನೆನಪಾಗಿ ಕೇಳಿದ.

"ಈಗ ಸಾಕ್ಷಿಗೆ ಯಾರು?"

"ಗ್ರೇಸಿಬಾಯಿ ಉಂಟಲ್ಲ. ಈಗ ಒಳಗೆ ಅವರ ಹೆಸರಿಲ್ಲ. ಮಾರ್ಚಿನವರೆಗೆ ಇಲ್ಲೇ ಇರ್ತಾರೆ. ಎರಡಕ್ಕೂ ಅವರೇ ಹಾಕಲಿ."

"ಎರಡಕ್ಕೂ?"

"ಉಯಿಲಿಗೊಂದು," ಎಂದಳು ಉರ್ಸುಲಾ, ತಲೆ ತಗ್ಗಿಸಿ. "ಇಗರ್ಜಿಯ ಮದುವೆ ರಿಜಿಸ್ಟರಿಗೊಂದು."